ಎತ್ತರಿಸಿದ ಜೀಪಿಗೆ ಎಷ್ಟು ಉದ್ದದ ಶಾಕ್ ಅಬ್ಸಾರ್ಬರ್?

ಸುಗ್ಗಿ ಮುಗಿದು ಅಡಿಕೆ ಮಂಡಿ ಸೇರಿದ ಮೇಲೆ, ಮಳೆಗಾಲ ಹಿಡಿಯುವುದರೊಳಗೆ ಮಲೆನಾಡಿನ ರೈತರು ಮಾಡಿ ಮುಗಿಸಬೇಕಾದ ಕೆಲಸಗಳು ಹಲವು. ಮಾಡಿನ ಹಂಚು ಸರಿಪಡಿಸಬೇಕು, ಕಟ್ಟಿಗೆ ಕೂಡಿಡಬೇಕು, ತೋಟದ ಕಾದಿಗೆಗಳನ್ನು ಬಿಡಿಸಬೇಕು. ಜೀಪು ಇಟ್ಟುಕೊಂಡವರಿಗೆ ಇನ್ನೂ ಒಂದು ಕೆಲಸವಿದೆ. ಅದೇ ಗಾಡಿಯ ದುರಸ್ತಿ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಜೀಪು ಮೋಜಿನ ವಾಹನವಲ್ಲ. ಆಗುಂಬೆ, ಹುಲಿಕಲ್ಲುಗಳ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತದೆ. ಆ ನೀರು ಹರಿದು ಜಂಬಿಟ್ಟಿಗೆ ಮಣ್ಣಿನ ದಾರಿಯಲ್ಲಿ ಮೊಣಕಾಲುದ್ದದ ಕೊರಕಲು ಬೀಳುತ್ತದೆ. ಗೊಬ್ಬರ, ಸೊಪ್ಪು, ಬೋರ್ಡೋ ದ್ರಾವಣದ ಡ್ರಮ್ಮು, ಅಡಿಕೆ ಗೊನೆ, ಕೊನೆಕೊಯ್ಲಿಗೆ ಬಂದ ಆಳುಗಳು ಎಲ್ಲವೂ ಅದೇ ದಾರಿಯಲ್ಲಿ ಅದೇ ಜೀಪಿನಲ್ಲಿ ಸಾಗಬೇಕು. ಆದ್ದರಿಂದ ‘ಗಾಡಿಯನ್ನು ಒಂದೆರಡು ಅಂಗುಲ ಎತ್ತರಿಸಿದರೆ ತಳ ಬಡಿಯುವುದು ತಪ್ಪೀತು’ ಎಂಬ ಆಲೋಚನೆ ಅನೇಕರಿಗೆ ಬರುವುದು ಸಹಜ.

ಎತ್ತರಿಸಿದ ಮೇಲೆ ಹಳೆಯ ಶಾಕ್ ಅಬ್ಸಾರ್ಬರ್ ಗಿಡ್ಡವಾಗುತ್ತದೆ. ಆಗ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಇದು: “ಗೌಡ್ರೆ, ಎರಡಿಂಚು ಎತ್ತಿದೀವಿ, ಎರಡಿಂಚು ಉದ್ದದ ಶಾಕ್ ಹಾಕಿದ್ರಾಯ್ತು.” ಕೇಳಲು ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಈ ಲೆಕ್ಕ ಅರ್ಧ ಮಾತ್ರ ಸರಿ. ಉಳಿದ ಅರ್ಧ ಯಾವುದು, ಅದನ್ನು ನಿಮ್ಮ ಅಂಗಳದಲ್ಲಿಯೇ ಒಂದು ಟೇಪು ಹಿಡಿದು ಹೇಗೆ ಕಂಡುಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಶಾಕಿನ ಕೆಲಸ ಯಾವುದು?

ಗಾಡಿಯ ಭಾರವನ್ನು ಹೊರುವುದು ಕಮಾನು, ಅಂದರೆ ಪ್ಲೇಟುಗಳನ್ನು ಜೋಡಿಸಿದ ಸ್ಪ್ರಿಂಗು. ಶಾಕ್ ಭಾರ ಹೊರುವುದಿಲ್ಲ. ಉದ್ದದ ಶಾಕ್ ಹಾಕಿದ ಮಾತ್ರಕ್ಕೆ ಗಾಡಿ ಎತ್ತರವಾಗುವುದೂ ಇಲ್ಲ. ಚಕ್ರ ಗುಂಡಿಗೆ ಬಿದ್ದು ಎದ್ದಾಗ ಕಮಾನು ಕುಣಿಯುತ್ತಲೇ ಇರುತ್ತದೆ. ಶಾಕಿನೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಈ ಕುಣಿತದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಕಮಾನು ಬೇಗ ತಣಿಯುತ್ತದೆ.

ಚಕ್ರ ಕುಣಿಯುತ್ತಿದ್ದರೆ ನೆಲದ ಹಿಡಿತ ತಪ್ಪುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವಿಲ್ಲ, ಸ್ಟಿಯರಿಂಗು ತಿರುಗಿಸಿಯೂ ಪ್ರಯೋಜನವಿಲ್ಲ. ಪಾಚಿಗಟ್ಟಿದ ಇಳಿಜಾರಿನಲ್ಲಿ, ಹಿಂದೆ ಆರು ಜನ ಕೂತಿರುವಾಗ ಇದು ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎತ್ತರಿಸುವುದು ಅವಶ್ಯವೇ?

ಹಣ ಖರ್ಚು ಮಾಡುವ ಮೊದಲು ಗಾಡಿಯ ಅಡಿಗೆ ಬಗ್ಗಿ ನೋಡಿ. ದಾರಿಯ ನಡುವಿನ ದಿಬ್ಬಕ್ಕೆ ಬಡಿಯುತ್ತಿರುವುದು ಯಾವ ಭಾಗ? ಆಕ್ಸಲಿನ ನಡುವಿನ ಡಿಫರೆನ್ಶಿಯಲ್ ಗುಂಡಿನ ತಳ ಉಜ್ಜಿ ಹೊಳೆಯುತ್ತಿದ್ದರೆ, ಕಮಾನು ಎತ್ತರಿಸಿ ಲಾಭವಿಲ್ಲ. ಕಮಾನು ಮೇಲೆತ್ತುವುದು ಚಾಸಿಯನ್ನು ಮಾತ್ರ. ಆಕ್ಸಲು ಚಕ್ರದ ನಡುವೆ ಇದ್ದಲ್ಲಿಯೇ ಇರುತ್ತದೆ. ಅದು ಮೇಲೇರಬೇಕಾದರೆ ಟಯರೇ ದೊಡ್ಡದಾಗಬೇಕು, ಇಲ್ಲವೇ ದಾರಿಯ ದಿಬ್ಬವನ್ನು ಗುದ್ದಲಿಯಿಂದ ಕಡಿದು ಸಮ ಮಾಡಬೇಕು. ಎರಡನೆಯದು ಕಡಿಮೆ ಖರ್ಚಿನದು.

ಚಾಸಿ, ಗೇರು ಪೆಟ್ಟಿಗೆಯ ತಳ ಅಥವಾ ಹಿಂದಿನ ಬಂಪರು ಬಡಿಯುತ್ತಿದ್ದರೆ ಕಮಾನಿನ ಕಡೆ ನೋಡಬಹುದು. ಆಗಲೂ ಮೊದಲು ಹಳೆಯ ಕಮಾನು ಕುಸಿದಿದೆಯೇ ಎಂದು ಪರೀಕ್ಷಿಸಿ. ಹತ್ತಾರು ವರ್ಷ ಹೊರೆ ಹೊತ್ತ ಪ್ಲೇಟುಗಳು ಚಪ್ಪಟೆಯಾಗಿರುತ್ತವೆ. ಅವನ್ನು ಮೊದಲಿನ ಬಾಗಿಗೆ ತರಿಸಿದರೆ ಕಳೆದುಕೊಂಡ ಎತ್ತರ ತಾನಾಗಿಯೇ ಮರಳುತ್ತದೆ. ಗಾಡಿ ಮೂಲ ಎತ್ತರಕ್ಕೇ ಬಂದರೆ ಮೂಲ ಅಳತೆಯ ಶಾಕೇ ಸಾಕು.

ಅದಕ್ಕೂ ಮೇಲೆ ಎತ್ತರಿಸಲೇಬೇಕೆಂದಿದ್ದರೆ 5 ಸೆಂ.ಮೀ., ಅಂದರೆ ಎರಡು ಅಂಗುಲದ ಒಳಗೆ ನಿಲ್ಲಿಸುವುದು ಲೇಸು. ಗಾಡಿ ಎತ್ತರವಾದಷ್ಟೂ ಓರೆ ದಾರಿಯಲ್ಲಿ ಮಗುಚುವ ಅಪಾಯ ಹೆಚ್ಚು. ಆಕ್ಸಲಿನ ಕೆಳಗಿರುವ ಕಮಾನನ್ನು ಮೇಲಕ್ಕೆ ತಂದು ಒಮ್ಮೆಗೇ ಅರ್ಧ ಅಡಿಯಷ್ಟು ಎತ್ತರಿಸುವ ಪದ್ಧತಿ ಸ್ಪರ್ಧೆಯ ಗಾಡಿಗಳಿಗೆ ಇರಲಿ. ಆಳುಗಳನ್ನೂ ಅಡಿಕೆಯನ್ನೂ ಹೊರುವ ಮನೆ ಜೀಪಿಗೆ ತಕ್ಕುದಲ್ಲ.

ಅಂಗಳದಲ್ಲಿ ಅಳತೆ

ಅಡಿಕೆ ಒಣಗಿಸುವ ಅಂಗಳಕ್ಕಿಂತ ಸಮತಟ್ಟಾದ ಜಾಗ ಬೇರೆ ಬೇಕಿಲ್ಲ. ಕಮಾನಿನ ಕೆಲಸ ಮುಗಿದು, ಗಾಡಿ ಒಂದು ವಾರ ಓಡಾಡಿ, ಹೊಸ ಕಮಾನು ಕುಳಿತ ಮೇಲೆ ಅಳೆಯಿರಿ. ಟಯರಿನ ಗಾಳಿ ಸರಿಯಾಗಿರಲಿ. ಬೇಕಾದುದು ಒಂದು ಟೇಪು, ಒಂದು ಜಾಕು, ನಾಲ್ಕು ಗಟ್ಟಿ ಮರದ ದಿಮ್ಮಿ.

1. ನಿಂತ ಅಳತೆ: ಗಾಡಿ ಖಾಲಿ ನಿಂತಿರುವಾಗ ಶಾಕಿನ ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗೆ ಅಳೆಯಿರಿ.

2. ರಬ್ಬರಿನ ಸಂದು: ಚಾಸಿಯ ಕೆಳಗೆ, ಆಕ್ಸಲಿನ ನೇರಕ್ಕೆ ಬಂಪ್ ರಬ್ಬರು ಇರುತ್ತದೆ. ಕಮಾನು ಪೂರ್ತಿ ಕುಗ್ಗಿದಾಗ ಪೆಟ್ಟು ತಾಳುವುದು ಅದರ ಕೆಲಸ. ಅದು ಬಂದು ತಾಗುವ ಜಾಗಕ್ಕೂ ಅದಕ್ಕೂ ನಡುವೆ ಎಷ್ಟು ಸಂದು ಇದೆ ಎಂದು ಅಳೆಯಿರಿ. ರಬ್ಬರು ಉದುರಿಹೋಗಿದ್ದರೆ ಮೊದಲು ಹೊಸದು ಹಾಕಿಸಿ. ಅದಿಲ್ಲದೆ ಈ ಲೆಕ್ಕಕ್ಕೆ ಅರ್ಥವಿಲ್ಲ.

3. ಕುಗ್ಗಿದ ಅಳತೆ: ನಿಂತ ಅಳತೆಯಲ್ಲಿ ರಬ್ಬರಿನ ಸಂದನ್ನು ಕಳೆಯಿರಿ. ರಬ್ಬರೂ ಒತ್ತಿಹೋಗುವುದರಿಂದ ಇನ್ನೂ 2 ಸೆಂ.ಮೀ. ಕಳೆಯಿರಿ. ಶಾಕ್ ಓರೆಯಾಗಿ ನಿಂತಿದ್ದರೆ ಅದು ನಿಜವಾಗಿ ಕುಗ್ಗುವುದು ಇದಕ್ಕಿಂತ ಸ್ವಲ್ಪ ಕಡಿಮೆ. ಆದ್ದರಿಂದ ಈ ಲೆಕ್ಕ ತಪ್ಪಿದರೂ ಕ್ಷೇಮದ ಕಡೆಗೇ ತಪ್ಪುತ್ತದೆ.

4. ಜೋತ ಅಳತೆ: ಹಳೆಯ ಶಾಕಿನ ಕೆಳಗಿನ ತುದಿಯನ್ನು ಬಿಚ್ಚಿಬಿಡಿ. ಹಾಗೆ ಮಾಡದಿದ್ದರೆ ಶಾಕೇ ಚಕ್ರವನ್ನು ಹಿಡಿದುಕೊಂಡು ಅಳತೆ ಸುಳ್ಳಾಗುತ್ತದೆ. ಬಳಿಕ ಆಕ್ಸಲಿಗಲ್ಲ, ಚಾಸಿಗೆ ಜಾಕು ಕೊಟ್ಟು ಚಕ್ರಗಳು ನೆಲ ಬಿಟ್ಟು ಜೋಲುವವರೆಗೆ ಎತ್ತಿ. ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣು ಕೂರುವ ಜಾಗದವರೆಗೆ ಅಳೆಯಿರಿ. ಎತ್ತುವಾಗ ಬ್ರೇಕಿನ ರಬ್ಬರ್ ಹೋಸಿನ ಮೇಲೆ ಒಬ್ಬರು ಕಣ್ಣಿಟ್ಟಿರಲಿ. ಅದು ಬಿಗಿಯಾಗತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಉದ್ದದ ಹೋಸು ಹಾಕಿಸದೆ ಮುಂದುವರಿಯಬಾರದು.

ಎಚ್ಚರಿಕೆ: ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ತೂರಬಾರದು. ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಚಾಸಿಯ ಕೆಳಗೆ ಎರಡೂ ಕಡೆ ದಿಮ್ಮಿ ಇಟ್ಟ ಮೇಲೆಯೇ ಕೈ ಹಾಕಿ.

ಮುಂದಿನ ಮತ್ತು ಹಿಂದಿನ ಆಕ್ಸಲುಗಳಿಗೆ ಈ ಅಳತೆಗಳನ್ನು ಬೇರೆ ಬೇರೆಯಾಗಿ ತೆಗೆದು ಬರೆದಿಟ್ಟುಕೊಳ್ಳಿ. ಎರಡೂ ಒಂದೇ ಆಗಿರುವುದು ಅಪರೂಪ.

ಒಂದು ಉದಾಹರಣೆ

ಲೆಕ್ಕ ತಿಳಿಯಲೆಂದು ಒಂದು ಜೀಪನ್ನು ಊಹಿಸಿಕೊಳ್ಳೋಣ. ಎತ್ತರಿಸುವ ಮೊದಲು ಅದರ ಹಿಂದಿನ ಶಾಕಿನ ನಿಂತ ಅಳತೆ 41 ಸೆಂ.ಮೀ. ರಬ್ಬರಿನ ಸಂದು 5 ಸೆಂ.ಮೀ. ಕುಗ್ಗಿದ ಅಳತೆ 41ರಲ್ಲಿ 5 ಮತ್ತು 2 ಕಳೆದು 34. ಜೋತ ಅಳತೆ 48. ಅದಕ್ಕೆ ಹಾಕಿದ್ದ ಶಾಕ್ ಪೂರ್ತಿ ಮುಚ್ಚಿದಾಗ 32, ಪೂರ್ತಿ ಎಳೆದಾಗ 51 ಸೆಂ.ಮೀ. ಮುಚ್ಚುವಲ್ಲಿ 2, ಬಿಚ್ಚುವಲ್ಲಿ 3 ಸೆಂ.ಮೀ. ಮಿಗುತ್ತದೆ. ಎಲ್ಲವೂ ಸರಿಯಾಗಿದೆ.

ಈಗ ಕಮಾನಿಗೆ ಬಾಗು ಕೊಟ್ಟು 5 ಸೆಂ.ಮೀ. ಎತ್ತರಿಸಿದೆವು. ನಿಂತ ಅಳತೆ 46 ಆಯಿತು. ರಬ್ಬರಿನ ಸಂದು 10 ಆಯಿತು. ಜೋತ ಅಳತೆ 53 ಆಯಿತು. ಆದರೆ ಕುಗ್ಗಿದ ಅಳತೆ? 46ರಲ್ಲಿ 10 ಮತ್ತು 2 ಕಳೆಯಿರಿ. ಮತ್ತೆ 34!

ಮುಖ್ಯ ವಿಷಯ ಇದೇ. ಕಮಾನಿಗೆ ಬಾಗು ಕೊಟ್ಟಾಗಲಿ, ಶಾಕಲ್ ಉದ್ದ ಮಾಡಿಯಾಗಲಿ ಎತ್ತರಿಸಿದಾಗ ಚಕ್ರ ಕೆಳಗೆ ಜೋಲುವ ದೂರ ಹೆಚ್ಚುತ್ತದೆ. ಆದರೆ ಮೇಲೆ ಬಂದು ನಿಲ್ಲುವ ಜಾಗ ಬದಲಾಗುವುದಿಲ್ಲ. ಬಂಪ್ ರಬ್ಬರು ಇದ್ದಲ್ಲಿಯೇ ಇದೆಯಲ್ಲ. ಹೊರೆ ಹೊತ್ತ ಗಾಡಿ ಗುಂಡಿಗೆ ಬಿದ್ದಾಗ ಆಕ್ಸಲು ಮೊದಲು ಎಲ್ಲಿಯವರೆಗೆ ಏರುತ್ತಿತ್ತೋ ಈಗಲೂ ಅಲ್ಲಿಯವರೆಗೇ ಏರುತ್ತದೆ.

ಹಳೆಯ ಶಾಕನ್ನೇ ಬಿಟ್ಟರೆ ಏನಾಗುತ್ತದೆ? ಚಕ್ರ 53ರವರೆಗೆ ಜೋಲಬೇಕು, ಶಾಕ್ 51ಕ್ಕೆ ನಿಲ್ಲುತ್ತದೆ. ಕೊರಕಲು ದಾಟುವಾಗಲೆಲ್ಲ ಆಕ್ಸಲಿನ ಮತ್ತು ಚಕ್ರದ ಭಾರ ಶಾಕಿನ ಕಣ್ಣಿನಲ್ಲಿ ನೇತಾಡುತ್ತದೆ. ಬುಷ್ ಹರಿಯುತ್ತದೆ, ಕಣ್ಣು ಕೀಳುತ್ತದೆ, ಪಿನ್ನು ತುಂಡಾಗುತ್ತದೆ.

ಹಳೆಯ ಶಾಕಿನ ಕೆಳಗೆ 5 ಸೆಂ.ಮೀ. ತುಂಡು ಬೆಸೆದು ಉದ್ದ ಮಾಡಿದರೆ? ಆಗ ಅದು ಮುಚ್ಚಿದಾಗ 37, ಎಳೆದಾಗ 56. ಜೋಲುವುದಕ್ಕೆ ತೊಂದರೆಯಿಲ್ಲ. ಆದರೆ ಆಕ್ಸಲು ರಬ್ಬರನ್ನು ಮುಟ್ಟುವುದು ಈ ಅಳತೆ 36ಕ್ಕೆ ಇಳಿದಾಗ. ಶಾಕ್ 37ಕ್ಕೇ ಮುಚ್ಚಿಹೋಗಿರುತ್ತದೆ. ಅಂದರೆ ಹೊರೆ ತುಂಬಿದ ಗಾಡಿಯ ಪೂರ್ತಿ ಪೆಟ್ಟು ರಬ್ಬರಿನ ಬದಲು ಶಾಕಿನ ಮೇಲೆ ಬೀಳುತ್ತದೆ. ಅದರ ದಂಡ ಬಾಗುತ್ತದೆ, ತಳದ ಕವಾಟ ಒಡೆಯುತ್ತದೆ, ಚಾಸಿಗೆ ಬೆಸೆದ ಬ್ರಾಕೆಟ್ಟು ಕಿತ್ತುಬರುತ್ತದೆ. ಗಿಡ್ಡ ಶಾಕಿಗಿಂತ ಈ ತಪ್ಪು ಹೆಚ್ಚು ಅಪಾಯದ್ದು. ಏಕೆಂದರೆ ಅಂಗಳದಲ್ಲಿ ಖಾಲಿ ನಿಂತಿರುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಸರಿಯಾದ ಶಾಕ್ ಯಾವುದು?

ಎರಡು ನಿಯಮಗಳನ್ನು ನೆನಪಿಡಿ. ಶಾಕ್ ಪೂರ್ತಿ ಮುಚ್ಚಿದಾಗಿನ ಉದ್ದ, ಕುಗ್ಗಿದ ಅಳತೆಗಿಂತ ಕನಿಷ್ಠ 2 ಸೆಂ.ಮೀ. ಕಡಿಮೆ ಇರಬೇಕು. ಪೂರ್ತಿ ಎಳೆದಾಗಿನ ಉದ್ದ, ಜೋತ ಅಳತೆಗಿಂತ ಕನಿಷ್ಠ 2 ಸೆಂ.ಮೀ. ಹೆಚ್ಚು ಇರಬೇಕು.

ನಮ್ಮ ಉದಾಹರಣೆಯಲ್ಲಿ ಮುಚ್ಚಿದಾಗ 32 ಅಥವಾ ಅದಕ್ಕೂ ಕಡಿಮೆ, ಎಳೆದಾಗ 55 ಅಥವಾ ಅದಕ್ಕೂ ಹೆಚ್ಚು ಇರುವ ಶಾಕ್ ಬೇಕು. ಅಂಥದು ಅಂಗಡಿಯಲ್ಲಿ ಸಿಗುವುದು ಕಷ್ಟ. ಕಾರಣ ಸರಳವಾಗಿದೆ. ಎಳೆದಾಗ ಹೊರಬರುವ ದಂಡ, ಮುಚ್ಚಿದಾಗ ಕೊಳವೆಯೊಳಗೇ ಅಡಗಬೇಕು. ಕಣ್ಣು, ಪಿಸ್ಟನ್, ಕವಾಟ ಇವುಗಳಿಗೂ ಜಾಗ ಬೇಕು. ಈ ಜಾಗ ಹಳೆಯ ಶಾಕಿನಲ್ಲಿ 13 ಸೆಂ.ಮೀ. ಇತ್ತು, ಹೊಸದರಲ್ಲಿಯೂ ಅಷ್ಟೇ ಎಂದಿಟ್ಟುಕೊಂಡರೆ, 55 ಸೆಂ.ಮೀ. ಎಳೆಯುವ ಶಾಕಿನ ಓಟ 21, ಮುಚ್ಚಿದ ಉದ್ದ 34 ಆಗುತ್ತದೆ. ನಮಗೆ ಬೇಕಾದುದು 32.

ಉಳಿದ 2 ಸೆಂ.ಮೀ.ಗೆ ಉಪಾಯ ಸುಲಭ. ಬಂಪ್ ರಬ್ಬರಿನ ಮೇಲೆ 2 ಸೆಂ.ಮೀ. ದಪ್ಪದ ಕಬ್ಬಿಣದ ತುಂಡು ಕೊಟ್ಟು ಬೋಲ್ಟು ಹಾಕಿ ರಬ್ಬರನ್ನು ಅಷ್ಟು ಕೆಳಗಿಳಿಸಬೇಕು. ಆಗ ಕುಗ್ಗಿದ ಅಳತೆ 36 ಆಗುತ್ತದೆ; 34ರ ಶಾಕ್ ಸರಿಯಾಗಿ ಹೊಂದುತ್ತದೆ. ರಬ್ಬರಿನ ಸಂದು 10ರಿಂದ 8ಕ್ಕೆ ಇಳಿದರೂ ಮೊದಲಿದ್ದ 5ಕ್ಕಿಂತ ಹೆಚ್ಚೇ ಉಳಿಯುತ್ತದೆ. ಶಾಕ್ ಕೊಳ್ಳುವಾಗ ರಬ್ಬರಿನ ಮಾತನ್ನೂ ಎತ್ತದ ಗ್ಯಾರೇಜಿನವರು ಲೆಕ್ಕ ಹಾಕಿಲ್ಲವೆಂದೇ ತಿಳಿಯಿರಿ.

ಇಲ್ಲಿ ಕೊಟ್ಟ ಸಂಖ್ಯೆಗಳು ಉದಾಹರಣೆಗಾಗಿ ಮಾತ್ರ. ನಿಮ್ಮ ಗಾಡಿಯ ಸಂಖ್ಯೆಗಳನ್ನು ನಿಮ್ಮ ಟೇಪೇ ಹೇಳಬೇಕು.

ಅಂಗಡಿಯಲ್ಲಿ ನೋಡಬೇಕಾದುದು

ಡಬ್ಬದ ಮೇಲೆ ಬರೆದ ಗಾಡಿಯ ಹೆಸರನ್ನಷ್ಟೇ ನಂಬಬೇಡಿ. ಶಾಕನ್ನು ನೆಟ್ಟಗೆ ನಿಲ್ಲಿಸಿ ಪೂರ್ತಿ ಒತ್ತಿ ಒಮ್ಮೆ, ಪೂರ್ತಿ ಎಳೆದು ಒಮ್ಮೆ ಅಳೆದು ನೋಡಿ. ಕಣ್ಣಿನ ಬುಷ್ ನಿಮ್ಮ ಗಾಡಿಯ ಪಿನ್ನಿಗೆ ಸರಿಹೊಂದಬೇಕು. ಒಂದು ಆಕ್ಸಲಿಗೆ ಎರಡೂ ಕಡೆ ಒಂದೇ ಬಗೆಯ ಹೊಸ ಶಾಕ್ ಹಾಕಬೇಕು; ಒಂದು ಹೊಸದು ಒಂದು ಹಳೆಯದು ಕೂಡದು. ತೀರ ಬಿಗಿಯಾದ ಶಾಕ್ ಹಾಕಿದರೆ ಹೆಚ್ಚು ಹೊರೆ ಹೊರಬಹುದೆಂಬುದು ತಪ್ಪು ತಿಳಿವಳಿಕೆ. ಖಾಲಿ ಗಾಡಿಯಲ್ಲಿ ಅದು ಚಕ್ರವನ್ನು ಕುಪ್ಪಳಿಸುವಂತೆ ಮಾಡುತ್ತದೆ.

ಎಣ್ಣೆಯ ಶಾಕನ್ನು ಗಾಡಿಗೆ ಜೋಡಿಸುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಬಾರಿ ಎಳೆದು ಒತ್ತಿ. ಅಡ್ಡ ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಹೊರಟುಹೋಗುತ್ತದೆ. ತಲೆಕೆಳಗಾಗಿ ಜೋಡಿಸಬಾರದು.

ಶಾಕಿನಾಚೆಗಿನ ನಾಲ್ಕು ಮಾತು

ಗಾಡಿ ಎತ್ತರವಾದಾಗ ಇತರ ಭಾಗಗಳೂ ಎಳೆತಕ್ಕೆ ಸಿಗುತ್ತವೆ. ಚಕ್ರ ಪೂರ್ತಿ ಜೋತಾಗಲೂ ಬ್ರೇಕ್ ಹೋಸು ಸಡಿಲವಾಗಿರಬೇಕು. ಪ್ರೊಪೆಲ್ಲರ್ ಶಾಫ್ಟಿನ ಜಾರುವ ಭಾಗ ಒಂದರಿಂದೊಂದು ಕಳಚಿಕೊಳ್ಳುವಷ್ಟು ಹೊರಬಂದಿರಬಾರದು. ಅದರ ಕ್ರಾಸುಗಳು ಅತಿಯಾಗಿ ಬಾಗಿರಬಾರದು. ಮುಂದಿನ ಶಾಕಲ್ ಉದ್ದ ಮಾಡಿಸಿದರೆ ಆಕ್ಸಲಿನ ಓರೆ ಬದಲಾಗಿ ಸ್ಟಿಯರಿಂಗು ಅತ್ತಿತ್ತ ಅಲೆಯತೊಡಗುತ್ತದೆ. ಶಾಕಲ್ 10 ಸೆಂ.ಮೀ. ಉದ್ದವಾದರೆ ಗಾಡಿ ಏರುವುದು ಅದರ ಅರ್ಧದಷ್ಟು ಮಾತ್ರ ಎಂಬುದನ್ನೂ ಗಮನಿಸಿ. ಮುಂದಿನ ಕಮಾನು ಮತ್ತು ಆಕ್ಸಲಿನ ನಡುವೆ ಕಟ್ಟೆ ಇಟ್ಟು ಎತ್ತರಿಸುವುದು ಸರ್ವಥಾ ಕೂಡದು. ಬ್ರೇಕು ಹಾಕಿದಾಗ ಅದು ಕಳಚುವ ಸಂಭವವಿದೆ. ಯು ಬೋಲ್ಟುಗಳನ್ನು ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.

ಮೇಲಿನ ವಿಧಾನ ಮುಂದೆ ಹಿಂದೆ ಎರಡೂ ಕಡೆ ಕಮಾನು ಇರುವ ಎಂ.ಎಂ. 540ರಂಥ ಹಳೆಯ ಜೀಪುಗಳಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ. 2010ರಲ್ಲಿ ಬಂದ ಥಾರ್ ಗಾಡಿಗೆ ಕಮಾನು ಇರುವುದು ಹಿಂದೆ ಮಾತ್ರ. 2020ರಲ್ಲಿ ಬಂದ ಹೊಸ ಥಾರಿನಲ್ಲಿ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗುಗಳಿವೆ. ಅಂಥ ಗಾಡಿಗಳ ಮುಂಭಾಗವನ್ನು ಅಂಗಳದ ಲೆಕ್ಕದಿಂದ ಬದಲಿಸಹೋಗಬಾರದು.

ಕಾನೂನಿನ ಮಾತನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ ತಯಾರಕರು ನಿಗದಿ ಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯ ಪ್ರಶ್ನೆಯೂ ಏಳುತ್ತದೆ. ಆದ್ದರಿಂದ ಎತ್ತರಿಸುವ ಮೊದಲೇ ಸಾಗರ ಅಥವಾ ಶಿವಮೊಗ್ಗದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಕುಸಿದ ಕಮಾನನ್ನು ಮೂಲ ಎತ್ತರಕ್ಕೆ ತರುವುದು ದುರಸ್ತಿ, ಅದು ಮಾರ್ಪಾಡಲ್ಲ. ಅನೇಕರಿಗೆ ಅಷ್ಟೇ ಸಾಕಾಗುತ್ತದೆ.

ಜೇಡಿಮಣ್ಣಿನ ಪರೀಕ್ಷೆ

ಶಾಕ್ ಹಾಕಿಸಿ ತಂದ ದಿನವೇ ಆಳುಗಳನ್ನು ಕೂರಿಸಿಕೊಂಡು ಹೊರಡಬೇಡಿ. ಪ್ರತಿ ಬಂಪ್ ರಬ್ಬರಿನ ತುದಿಗೆ ನಿಂಬೆಹಣ್ಣಿನ ಗಾತ್ರದ ಹಸಿ ಜೇಡಿಮಣ್ಣಿನ ಉಂಡೆ ಅಂಟಿಸಿ. 50 ಕಿ.ಗ್ರಾಂ.ನ ಏಳೆಂಟು ಗೊಬ್ಬರದ ಚೀಲ ಹೇರಿ ತೋಟದ ದಾರಿಯಲ್ಲಿ ನಿಧಾನವಾಗಿ ಒಮ್ಮೆ ಹೋಗಿಬನ್ನಿ. ಬಂದು ನೋಡಿದಾಗ ಉಂಡೆ ಚಪ್ಪಟೆಯಾಗಿದ್ದರೆ ಪೆಟ್ಟು ರಬ್ಬರಿಗೆ ಬಿದ್ದಿದೆ, ಅದು ಆಗಬೇಕಾದುದೇ. ಉಂಡೆ ದುಂಡಗೆ ಇದ್ದು, ಗಾಡಿ ಮಾತ್ರ ಕಬ್ಬಿಣಕ್ಕೆ ಕಬ್ಬಿಣ ಬಡಿದಂತೆ ಸದ್ದು ಮಾಡಿದ್ದರೆ ಶಾಕ್ ಮೊದಲೇ ಮುಚ್ಚಿಹೋಗಿದೆಯೆಂದು ಅನುಮಾನಿಸಬೇಕು.

ಅನಂತರ ಒಂದು ಚಕ್ರವನ್ನು ಒಂದೂವರೆ ಅಡಿ ಎತ್ತರದ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿ, ಕೈಬ್ರೇಕು ಹಾಕಿ, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಪಕ್ಕದಿಂದ ಬಗ್ಗಿ ನೋಡಿ. ಒಂದು ಕಡೆ ಶಾಕ್ ಮುಚ್ಚಿರುತ್ತದೆ, ಇನ್ನೊಂದು ಕಡೆ ಬಿಚ್ಚಿರುತ್ತದೆ. ಎರಡರಲ್ಲಿಯೂ ಇನ್ನಷ್ಟು ಓಟ ಉಳಿದಿರಬೇಕು. ಶಾಕ್ ಚಾಸಿಗಾಗಲಿ, ಟಯರಿಗಾಗಲಿ ಉಜ್ಜುತ್ತಿರಬಾರದು.

ಟೇಪು ಹಿಡಿದು ಅಳೆಯುವುದಕ್ಕೆ ಅರ್ಧ ದಿನ ಹಿಡಿಯಬಹುದು. ಅಳೆಯದೆ ಕೊಂಡ ಶಾಕ್ ಕೈಕೊಡುವುದು ಅಂಗಳದಲ್ಲಲ್ಲ. ಹೊರೆ ಪೂರ್ತಿ ಇರುವಾಗ, ಇಳಿಜಾರು ಕಡಿದಾಗಿರುವಾಗ, ಹಿಂದೆ ಚೀಲಗಳ ಮೇಲೆ ಕೊನೆಕೊಯ್ಲಿನವರು ಕೂತಿರುವಾಗ. ಅವರು ನಿಮ್ಮ ಗಾಡಿಯನ್ನು ನಂಬಿ ಹತ್ತಿದವರು. ಆದ್ದರಿಂದ ಈ ಸಲ ಗ್ಯಾರೇಜಿಗೆ ಹೋಗುವಾಗ ‘ಎರಡಿಂಚು ಉದ್ದದ್ದು ಕೊಡಿ’ ಎನ್ನಬೇಡಿ. ಮುಚ್ಚಿದಾಗ ಇಷ್ಟು, ಎಳೆದಾಗ ಇಷ್ಟು ಎಂದು ಎರಡು ಸಂಖ್ಯೆ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.